ಹೊರಗೆ ಕೂರುವ ಅಪ್ಪಣೆ

ಹೊರಗೆ ಕೂತು ತಿನ್ನುವುದು ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ತಾತಂದಿರು ಊರ ಹೋಟೆಲಿನ ಹೊರಗೇ ಕೂತು ತಿಂದರು. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಲೋಟವನ್ನು ತಾವೇ ತೆಗೆದು, ತಾವೇ ತೊಳೆದು, ಚಾಚಿ ಹಿಡಿಯಬೇಕಿತ್ತು. ಮೇಲಿನಿಂದ ಕಾಫಿ ಬೀಳುತ್ತಿತ್ತು. ಕುಡಿದಾದ ಮೇಲೆ ಮತ್ತೆ ತೊಳೆದು, ಅಲ್ಲೇ ಸಿಕ್ಕಿಸಿ, ಕಾಸನ್ನು ಕಟ್ಟೆಯ ಮೇಲಿಟ್ಟು ಬರಬೇಕಿತ್ತು. ಬೆಂಚು ಒಳಗಿತ್ತು. ಬೆಂಚಿನ ಮೇಲೆ ಊರು ಕೂತಿತ್ತು. ಮಣ್ಣಿನ ಮೇಲೆ ಕೇರಿ ಕೂತಿತ್ತು. ಅದಕ್ಕೆ ಯಾವ ಇಲಾಖೆಯ ಲೈಸೆನ್ಸೂ ಬೇಕಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಹೊರಗೆ ಕೂರುವುದು ಒಂದು ಷೋಕಿ. ಒಳಗೆ ಜಾಗ ಖಾಲಿ ಇದ್ದರೂ ಜನ ಹೊರಗಿನ ಕುರ್ಚಿಗೆ ಕಾಯುತ್ತಾರೆ. ಇದನ್ನು ನಾವು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಬೀದಿಯಲ್ಲಿ ನಾಲ್ಕು ಜನ ಕೂತು ಉಣ್ಣುವುದು ಒಳ್ಳೆಯದೇ. ನಮ್ಮ ಪ್ರಶ್ನೆ ಬೇರೆ. ಬೀದಿಯಲ್ಲಿ ಕೂರುವ ಅಪ್ಪಣೆಯನ್ನು ಯಾರು ಕೊಡುತ್ತಾರೆ? ಯಾರಿಗೆ ಕೊಡುತ್ತಾರೆ? ಕೊಡುವ ಮುಂಚೆ ಯಾರನ್ನು ಕೇಳುತ್ತಾರೆ?

ನಾವು ಅಂದರೆ ಒಂದು ಬಾಡಿಗೆ ಕೋಣೆಯ ಮೂವರು. ಮೂವರ ಮನೆಯಲ್ಲೂ ನಮಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಒಬ್ಬ ಕೊರಿಯರ್ ಆಫೀಸಿನಲ್ಲಿ, ಒಬ್ಬ ಟ್ಯೂಷನ್ ಹೇಳಿಕೊಂಡು, ಇನ್ನೊಬ್ಬ ಪರೀಕ್ಷೆ ಮೇಲೆ ಪರೀಕ್ಷೆ ಬರೆದುಕೊಂಡು ಇದ್ದೇವೆ. ಪದ್ಯ ಬರೆಯುವ ಕೈ ಅರ್ಜಿ ಬರೆಯಬೇಕಾಗಿ ಬಂದ ಕತೆ ಇದು. ಕತೆಗಿಂತ ಅರ್ಜಿಯೇ ಮುಖ್ಯ.

ನಮ್ಮ ಕ್ರಾಸಿನ ಮೂಲೆಯ ಮನೆ ಎರಡು ವರ್ಷದ ಹಿಂದೆ ಕೆಫೆ ಆಯಿತು. ಮೊದಲು ಕಾಂಪೌಂಡು ಬಿತ್ತು. ಮನೆಯ ಮುಂದೆ ಗಾಳಿ ಬೆಳಕಿಗೆ ಅಂತ ಬಿಡಬೇಕಾದ ಸೆಟ್‌ಬ್ಯಾಕಿನಲ್ಲಿ ಅಡುಗೆಮನೆ ಎದ್ದಿತು. ಆಮೇಲೆ ಫುಟ್‌ಪಾತಿನ ಮೇಲೆ ಎರಡು ಹೂವಿನ ಕುಂಡ ಬಂದವು. ಕುಂಡದ ಹಿಂದೆ ಬೆಂಚು ಬಂತು. ಬೆಂಚಿನ ಹಿಂದೆ 6 ಮೇಜು, 24 ಕುರ್ಚಿ ಬಂದವು. ಜಮೀನಿನ ಬದು ಜರುಗಿಸುವವರನ್ನು ನಾವು ಊರಲ್ಲಿ ಕಂಡಿದ್ದೇವೆ. ಅವರೂ ಹೀಗೇ ವರ್ಷಕ್ಕೊಂದು ಗೇಣು. ಇವರು ತಿಂಗಳಿಗೊಂದು ಗಜ.

ಮೇಜು ಬಂದ ಮೇಲೆ ಫುಟ್‌ಪಾತಿನಲ್ಲಿ ಉಳಿದ ಜಾಗ ಎಷ್ಟು ಅಂತ ಅಳೆದೆವು. ಒಬ್ಬ ಮನುಷ್ಯ ಅಡ್ಡ ತಿರುಗಿ ದಾಟುವಷ್ಟು. ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲದ ದಾರಿ ಯಾವ ಅಡ್ಡಿಯೂ ಇಲ್ಲದೆ ಇರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರು ಬಂದರೂ ದಾಟಬೇಕು ಅನ್ನುವ ಲೆಕ್ಕ ಅದು. ನಮ್ಮ ಕ್ರಾಸಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಬೆಳಿಗ್ಗೆ ಏಳೂವರೆಗೇ ರಸ್ತೆಗೆ ಇಳಿದು, ನೀರಿನ ಟ್ಯಾಂಕರಿನ ಪಕ್ಕ ಮೈ ಹಿಡಿ ಮಾಡಿಕೊಂಡು ನಡೆಯುತ್ತಾರೆ. ಆಗ ಕೆಫೆಯ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಒಂದರ ಮೇಲೊಂದು ಪೇರಿಸಿ ಸರಪಳಿ ಹಾಕಿದ ಕುರ್ಚಿಗಳು ಮಾತ್ರ ನಿದ್ದೆ ಮಾಡುತ್ತಿರುತ್ತವೆ.

ರಾತ್ರಿಯದ್ದು ಇನ್ನೊಂದು. ಕೆಫೆಯ ಎದುರು ಮನೆಗಳಿವೆ. ಪಿಯುಸಿ ಓದುವ ಮಕ್ಕಳಿದ್ದಾರೆ, ಉಸಿರಾಟದ ಕಾಯಿಲೆಯ ಮುದುಕರಿದ್ದಾರೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತು ಗಂಟೆಯಿಂದ ಬೆಳಗಿನ ಆರರ ತನಕ. ಒಳಗೆ ಕೂತು ಕೂಗಿದರೆ ಗೋಡೆ ಒಂದಿಷ್ಟು ನುಂಗುತ್ತದೆ. ಬೀದಿಯಲ್ಲಿ ಕೂತು ನಕ್ಕರೆ ಆ ನಗು ನೇರ ನಮ್ಮ ಕಿಟಕಿಗೆ ಬರುತ್ತದೆ. ಹನ್ನೊಂದೂವರೆಗೆ ಯಾರದೋ ಹುಟ್ಟುಹಬ್ಬದ ಚಪ್ಪಾಳೆ. ಹನ್ನೆರಡಕ್ಕೆ ಕುರ್ಚಿ ಎಳೆಯುವ ಸದ್ದು. ಆಮೇಲೆ ಕಾರು ಹುಡುಕುವವರ ಹಾರನ್ನು. ಹಾಗಾಗಿ ಮನೆಯವರ ದೂರು ನ್ಯಾಯವಾದದ್ದು. ಇದನ್ನು ನಾವು ಮೊದಲೇ ಹೇಳಿಬಿಡುತ್ತೇವೆ. ನಿದ್ದೆ ಶ್ರೀಮಂತರ ಸೊತ್ತಲ್ಲ. ಬೆಳಿಗ್ಗೆ ಐದಕ್ಕೆ ಏಳುವವರಿಗೆ ಅದು ಇನ್ನೂ ಹೆಚ್ಚು ಬೇಕು.

ಬಡಾವಣೆಯ ನಿವಾಸಿಗಳ ಸಂಘದವರು ಮನವಿ ತಯಾರಿಸಿ ಮನೆಮನೆಗೆ ಬಂದರು. ಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಕೋಣೆಯ ಬಾಗಿಲನ್ನೂ ತಟ್ಟಿದರು. ಸಹಿ ಸಂಖ್ಯೆ ಸಾಲದೆ ಬಂದಿತ್ತು.

'ನೀವು ಓದಿರೋ ಹುಡುಗ್ರು. ನಿಮಗೆ ಹೇಳ್ಬೇಕಾಗಿಲ್ಲ. ಒಂದು ಸಹಿ ಹಾಕಿ' ಅಂದರು.

ಓದಿದ ಹುಡುಗರಾದ್ದರಿಂದ ಓದಿದೆವು. ಮೊದಲ ಪ್ಯಾರಾದಲ್ಲಿ ಕೆಫೆಯ ಮೇಜು ತೆಗೆಸಬೇಕು ಅಂತಿತ್ತು. ಎರಡನೆಯ ಪ್ಯಾರಾದಲ್ಲಿ ಮೂಲೆಯ 'ಅನಧಿಕೃತ ತಳ್ಳುಗಾಡಿ'ಯನ್ನು 'ದುರ್ವಾಸನೆ ಮತ್ತು ಅನೈರ್ಮಲ್ಯದ ಕಾರಣ' ಶಾಶ್ವತವಾಗಿ ಎತ್ತಂಗಡಿ ಮಾಡಬೇಕು ಅಂತಿತ್ತು. ಮೇಜಿಗೆ ಹೇಳಿದ್ದು ಸದ್ದು. ಗಾಡಿಗೆ ಹೇಳಿದ್ದು ವಾಸನೆ.

ಆ ಗಾಡಿ ನಮ್ಮ ಚಿಕ್ಕವ್ವನದು. ಸಂಜೆ ಏಳಕ್ಕೆ ಬರುತ್ತಾಳೆ. ಮುದ್ದೆ, ಬೋಟಿ ಗೊಜ್ಜು, ಅನ್ನ, ತಿಳಿಸಾರು. ಸೆಕ್ಯುರಿಟಿ ಗಾರ್ಡುಗಳು, ಆಟೋದವರು, ಕಟ್ಟಡದ ಕೆಲಸದ ಉತ್ತರದ ಹುಡುಗರು, ಒಮ್ಮೊಮ್ಮೆ ಆ ಕೆಫೆಯಲ್ಲೇ ತಟ್ಟೆ ತೊಳೆಯುವ ಹುಡುಗರು ಅಲ್ಲಿ ನಿಂತು ಉಣ್ಣುತ್ತಾರೆ. ಒಂಬತ್ತೂವರೆಗೆ ಪಾತ್ರೆ ಖಾಲಿ. ಗಾಡಿ ನಿಲ್ಲಿಸಿದ ಜಾಗ ಗುಡಿಸಿ, ಎರಡು ಚೊಂಬು ನೀರು ಹಾಕಿ ಹೋಗುತ್ತಾಳೆ.

ವಾಸನೆ ಅನ್ನುವ ಮಾತು ನಮಗೆ ಗೊತ್ತು. ಆ ಮಾತಿನ ಹೊಟ್ಟೆಯಲ್ಲಿ ಏನಿದೆ ಅನ್ನುವುದೂ ಗೊತ್ತು. ಕೆಫೆಯಲ್ಲಿ ಕೋಳಿ, ಹಂದಿ, ದನ ಯಾವುದನ್ನು ಸುಟ್ಟರೂ ಅದಕ್ಕೆ ಇಂಗ್ಲಿಷಿನ ಹೆಸರಿದೆ. ಹೊಗೆಗೂ ಒಂದು ರುಚಿಯಿದೆ. ಚಿಕ್ಕವ್ವನ ಬೋಟಿಗೆ ಮಾತ್ರ ದುರ್ವಾಸನೆ. ಮೂಗು ಕೂಡ ಜಾತಿ ಕಲಿತುಕೊಂಡೇ ಉಸಿರಾಡುತ್ತದೆ ಅಂತ ಕಾಣುತ್ತದೆ.

'ಎರಡನ್ನೂ ಬೇರೆ ಮಾಡಿ. ಮೇಜಿನ ಮನವಿಗೆ ಈಗಲೇ ಸಹಿ ಹಾಕ್ತೀವಿ' ಅಂದೆವು.

'ಫುಟ್‌ಪಾತ್ ಅಂದ್ಮೇಲೆ ಎಲ್ಲಾ ಒಂದೇ ಅಲ್ವೇನ್ರೀ? ಕಾನೂನು ಎಲ್ಲರಿಗೂ ಒಂದೇ' ಅಂದರು.

ಸಹಿ ಹಾಕಲಿಲ್ಲ. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಕಾನೂನು ಎಲ್ಲರಿಗೂ ಒಂದೇ ಏನು? ಹಾಗಾದರೆ ನೋಡಿಯೇಬಿಡೋಣ ಅಂತ ಕೂತು ಓದಿದೆವು.

ಮೊದಲು ಸಂವಿಧಾನ ತೆಗೆದೆವು. 15ನೇ ವಿಧಿಯ ಎರಡನೇ ಭಾಗ. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಯಾವುದರ ನೆಪದಲ್ಲೂ ಯಾರನ್ನೂ ಅಂಗಡಿ, ಹೋಟೆಲುಗಳಿಂದ ತಡೆಯುವಂತಿಲ್ಲ. ಅದರ ಮುಂದಿನ ಸಾಲಿನಲ್ಲೇ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಹೋಟೆಲೂ ರಸ್ತೆಯೂ ಒಂದೇ ವಿಧಿಯಲ್ಲಿ ಅಕ್ಕಪಕ್ಕ ನಿಂತಿವೆ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿಯ ಒಳಗೆ ಹೋಗುವುದಕ್ಕಲ್ಲ, ಗುಡಿಯ ಸುತ್ತಲ ಬೀದಿಯಲ್ಲಿ ನಡೆಯುವುದಕ್ಕೆ. ಮಾರನೇ ವರ್ಷ ರಾಜಿಯಾದಾಗ ಮೂರು ಕಡೆಯ ಬೀದಿ ತೆರೆದರು. ಮೂಡಲ ಕಡೆಯದು ತೆರೆಯಲಿಲ್ಲ. 1927ರಲ್ಲಿ ಮಹಾಡಿನಲ್ಲಿ ಕೆರೆಯ ನೀರು ಮುಟ್ಟಿದ್ದೂ ಇದೇ ಸಾಲಿನ ಹೋರಾಟ. ಬೀದಿ ಎನ್ನುವುದು ನಮಗೆ ಯಾರೋ ಬಿಟ್ಟುಕೊಟ್ಟದ್ದಲ್ಲ. ಏಟು ತಿಂದು ಸಂಪಾದಿಸಿದ್ದು.

ಬೀದಿಯ ಹೊಟ್ಟೆಪಾಡಿಗೂ ಕಾನೂನಿದೆ. 1985ರಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡೂ ಸೇರಿದೆ ಅಂದಿತು. ಹಾಗೆ ಅಂದು, ನೋಟೀಸು ಕೊಟ್ಟು ಎಬ್ಬಿಸಬಹುದು ಅಂತಲೂ ಅಂದಿತು. 1989ರಲ್ಲಿ ದೆಹಲಿಯ ಸೋದನ್ ಸಿಂಗ್ ಮೊಕದ್ದಮೆಯಲ್ಲಿ, ಕ್ರಮಬದ್ಧವಾಗಿ ನಡೆದರೆ ಫುಟ್‌ಪಾತಿನ ವ್ಯಾಪಾರವೂ ಸಂವಿಧಾನ ಕೊಟ್ಟ ಕಸುಬಿನ ಹಕ್ಕೇ ಅಂದಿತು. ಕೊನೆಗೆ 2014ರಲ್ಲಿ ಪಾರ್ಲಿಮೆಂಟು ಬೀದಿ ವ್ಯಾಪಾರಿಗಳ ಕಾಯ್ದೆ ಮಾಡಿತು. ಅದರಲ್ಲಿ ಏನೇನಿದೆ ಗೊತ್ತೆ ಗೆಳೆಯರೆ? ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡುವ ಯೋಜನೆ ಇರಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪರಿಶಿಷ್ಟರಿಗೂ ಅಂಗವಿಕಲರಿಗೂ ಪಾಲು. ಎಬ್ಬಿಸಬೇಕಾದರೆ 30 ದಿನದ ನೋಟೀಸು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಕೊಡಬೇಕು. ಕೆಡುವ ಸಾಮಾನನ್ನು ಕೇಳಿದ ದಿನವೇ, ಕೆಡದ ಸಾಮಾನನ್ನು ಎರಡು ಕೆಲಸದ ದಿನದೊಳಗೆ ವಾಪಸು ಕೊಡಬೇಕು.

ಚಿಕ್ಕವ್ವನಿಗೆ ಇದನ್ನೆಲ್ಲ ಓದಿ ಹೇಳಿದೆವು. ಮುದ್ದೆ ತೊಳಸುವ ಕೋಲು ನಿಲ್ಲಿಸದೆ ಕೇಳಿದಳು.

'ಇಷ್ಟೆಲ್ಲ ಬರ್ದವ್ರಾ? ಮತ್ಯಾಕ್ಲಾ ನಾನು ಜೀಪು ಕಂಡ್ರೆ ಓಡ್ಬೇಕು?'

ಈ ಪ್ರಶ್ನೆಗೆ ಯಾವ ಕಾಯ್ದೆಯ ಯಾವ ಕಲಮಿನಲ್ಲೂ ಉತ್ತರವಿಲ್ಲ.

ಹಾಗಾದರೆ ಮೇಜಿಗೆ ಏನು ಕಾನೂನು? ನೋಡಿದೆವು. ಹೋಟೆಲ್ ನಡೆಸಲು ವ್ಯಾಪಾರ ಪರವಾನಗಿ ಬೇಕು, ಆಹಾರದ ಲೈಸೆನ್ಸು ಬೇಕು. ಬಿಡಿಎ ಮಾಡಿದ, 2007ರಲ್ಲಿ ಮಂಜೂರಾದ ನಗರ ಯೋಜನೆಯಲ್ಲಿ ಯಾವ ವಲಯದಲ್ಲಿ ಎಷ್ಟು ಅಗಲದ ರಸ್ತೆಗೆ ಯಾವ ವ್ಯಾಪಾರ ಅನ್ನುವ ಲೆಕ್ಕವಿದೆ. ಆದರೆ ಅದೆಲ್ಲ ಕಟ್ಟಡದ ಲೆಕ್ಕ. ಫುಟ್‌ಪಾತು ಕಟ್ಟಡದ ಯಜಮಾನನದಲ್ಲ, ಬಾಡಿಗೆದಾರನದೂ ಅಲ್ಲ. ಅದು ಸಾರ್ವಜನಿಕರದು. ಅಲ್ಲಿ 24 ಕುರ್ಚಿ ಹಾಕಲು ಯಾರು ಒಪ್ಪಿಗೆ ಕೊಟ್ಟರು ಅಂತ ಕೆಫೆಯ ಮ್ಯಾನೇಜರನ್ನು ಕೇಳಿದೆವು. 'ಎಲ್ಲಾ ಮಾತಾಡಿದ್ದೀವಿ' ಅಂದರು. ಬರೆದು ಅಂಟಿಸಿದ ಕಾಗದ ಎಲ್ಲೂ ಇರಲಿಲ್ಲ. ಮಾತು ಗಾಳಿಯಲ್ಲಿತ್ತು, ಕುರ್ಚಿ ನೆಲದ ಮೇಲಿತ್ತು.

ಇದೇ ಅಪ್ಪಣೆಯನ್ನು ಬೇರೆ ಕಡೆ ಹೇಗೆ ಕೊಡುತ್ತಾರೆ ಅಂತ ಹುಡುಕಿದಾಗ ಇಂಗ್ಲೆಂಡಿನ ಕಾನೂನು ಸಿಕ್ಕಿತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಹೋಟೆಲುಗಳಿಗೆ ಫುಟ್‌ಪಾತ್ ಲೈಸೆನ್ಸು ಬೇಗ ಸಿಗಲಿ ಅಂತ ಮಾಡಿದ್ದು. ತಾತ್ಕಾಲಿಕ ಅಂದದ್ದು 2023ರ ಇನ್ನೊಂದು ಕಾಯ್ದೆಯಿಂದ ಕಾಯಂ ಆಯಿತು. ಅರ್ಜಿ ಹಾಕಿದ ದಿನವೇ ಹೋಟೆಲಿನ ಮುಂದೆ ಹೋಗಿಬರುವವರಿಗೆ ಕಾಣುವಂತೆ ನೋಟೀಸು ಅಂಟಿಸಬೇಕು. 14 ದಿನ ಯಾರು ಬೇಕಾದರೂ ತಕರಾರು ಬರೆಯಬಹುದು. ಮುಂದಿನ 14 ದಿನದಲ್ಲಿ ಸ್ಥಳೀಯ ಕೌನ್ಸಿಲು ತೀರ್ಮಾನಿಸಬೇಕು. ಶುಲ್ಕ ಮೊದಲ ಸಲಕ್ಕೆ ಹೆಚ್ಚೆಂದರೆ 500 ಪೌಂಡು, ನವೀಕರಣಕ್ಕೆ 350. ಲೈಸೆನ್ಸು ಹೆಚ್ಚೆಂದರೆ ಎರಡು ವರ್ಷಕ್ಕೆ.

ಅದೇನೂ ಸ್ವರ್ಗವಲ್ಲ. ಅವಧಿಯೊಳಗೆ ಕೌನ್ಸಿಲು ಬಾಯಿ ಬಿಡದಿದ್ದರೆ ಲೈಸೆನ್ಸು ತಾನಾಗಿಯೇ ಸಿಕ್ಕಂತೆ. ಲೈಸೆನ್ಸು ಸಿಕ್ಕರೆ ಆ ಜಾಗದ ಪ್ಲಾನಿಂಗ್ ಅನುಮತಿಯೂ ಸಿಕ್ಕಂತೆ. ಆಫೀಸಿನ ಮೌನ ಯಾವತ್ತೂ ಉಳ್ಳವರ ಪರವೇ ಮಾತಾಡುತ್ತದೆ. ಅಲ್ಲಿಯೂ ಮನೆಯವರು ಜಗಳ ಆಡಿದ್ದಾರೆ. ಲಂಡನ್ನಿನ ಸೋಹೋದಲ್ಲಿ ರಸ್ತೆಗೆ ರಸ್ತೆಯೇ ಊಟದ ಮನೆಯಾಗಿ, ನಿವಾಸಿಗಳು ಸದ್ದಿನ ಬಗ್ಗೆ ಗಲಾಟೆ ಮಾಡಿದರು. ಅಲ್ಲಿನ ಆ ತಾತ್ಕಾಲಿಕ ವ್ಯವಸ್ಥೆ 2021ರ ಸೆಪ್ಟೆಂಬರಿಗೆ ನಿಂತಿತು. ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಒಂದೇ: ಬೀದಿಯ ತುಂಡೊಂದನ್ನು ಒಬ್ಬರ ಕೈಗೆ ಕೊಡುವ ಮುಂಚೆ ಆ ಬೀದಿಯ ಗೋಡೆಗೆ ಒಂದು ಕಾಗದ ಅಂಟಿಸಿ ಕೇಳಬೇಕು.

ಆದರೆ ಕೇಳುವುದು ಯಾರನ್ನು? ಇಲ್ಲೇ ನಮ್ಮ ತಕರಾರು. ಮನೆಯವರನ್ನು ಕೇಳುತ್ತಾರೆ. ಮನೆಯವರು ಅಂದರೆ ಸಂಘಕ್ಕೆ ಮನೆಯ ಮಾಲೀಕರು ಮಾತ್ರ. ಬಾಡಿಗೆಗೆ ಇರುವವರು ಆ ಲೆಕ್ಕಕ್ಕೆ ಇಲ್ಲ. ಬೀದಿಯಲ್ಲಿ ನಡೆಯುವವರು ಇಲ್ಲ. ಬೀದಿಯಲ್ಲಿ ದುಡಿಯುವವರು ಇಲ್ಲವೇ ಇಲ್ಲ. ಬೆಳಗಾಗುವ ಮುಂಚೆ ಬಂದು ಆ ಮೇಜುಗಳ ಕೆಳಗಿನ ಸಿಗರೇಟು ತುಂಡು, ಟಿಶ್ಯೂ ಕಾಗದ, ಕೋಳಿ ಮೂಳೆ ಗುಡಿಸುವ ಪೌರಕಾರ್ಮಿಕ ಹೆಣ್ಣುಮಗಳನ್ನು ಯಾರಾದರೂ ಕೇಳಿದರೆ? ಆಕೆ ನಮ್ಮ ಕೇರಿಯವಳೇ. ನಮ್ಮ ಊರಲ್ಲದಿದ್ದರೆ ಇನ್ನೊಂದು ಊರಿನ ಕೇರಿ. 'ಕುರ್ಚಿ ಎತ್ತಿ ಗುಡ್ಸು ಅಂತಾರೆ ಕಣ್ರಪ್ಪ, ಕುರ್ಚಿ ಎತ್ತೋಕೂ ಸಂಬಳ ಕೊಟ್ಟವ್ರಾ?' ಅಂತ ಒಂದು ದಿನ ನಮ್ಮನ್ನೇ ಕೇಳಿದಳು. ಆ ಬೀದಿಯ ಬಗ್ಗೆ ಅವಳಷ್ಟು ತಿಳಿದವರು ಯಾವ ಸಂಘದಲ್ಲೂ ಇಲ್ಲ.

ಬೆಂಗಳೂರಿಗೆ ಬೀದಿ ಊಟ ಹೊಸದು ಅಂತ ಯಾರೂ ಹೇಳಬಾರದು. 1980ರ ದಶಕದಲ್ಲಿ ದರ್ಶಿನಿಗಳು ಬಂದವು. ಟೋಕನ್ ತಗೋ, ತಟ್ಟೆ ಹಿಡಿ, ನಿಂತು ತಿನ್ನು, ಹೋಗು. ಒಳಗೆ ಜಾಗ ಸಾಲದೆ ಜನ ಬಾಗಿಲಾಚೆಯ ಫುಟ್‌ಪಾತಿನಲ್ಲಿ ನಿಂತು ತಿಂದರು, ಈಗಲೂ ತಿನ್ನುತ್ತಾರೆ. ನಮ್ಮಪ್ಪ ಮೊದಲ ಸಲ ಸೆಂಟ್ರಿಂಗ್ ಕೂಲಿಗೆ ಈ ಊರಿಗೆ ಬಂದಾಗ ಅಂಥ ಒಂದು ಎತ್ತರದ ಮೇಜಿನ ಮುಂದೆ ನಿಂತು ಇಡ್ಲಿ ತಿಂದರಂತೆ. ಪಕ್ಕದಲ್ಲಿ ನಾಮದವರೊಬ್ಬರು ಅದೇ ಮೇಜಿನ ಮೇಲೆ ತಟ್ಟೆ ಇಟ್ಟು ತಿನ್ನುತ್ತಿದ್ದರಂತೆ. ಯಾರೂ ಯಾವ ಊರು, ಯಾರ ಪೈಕಿ ಅಂತ ಕೇಳಲಿಲ್ಲವಂತೆ. 'ಅವತ್ತು ಇಡ್ಲಿ ಎಷ್ಟು ತಿಂದೆ ಅಂತ ನೆಪ್ಪಿಲ್ಲ, ಯಾರೂ ಕೇಳ್ನಿಲ್ಲ ಅನ್ನೋದು ನೆಪ್ಪದೆ' ಅಂತ ಅಪ್ಪ ಈಗಲೂ ಹೇಳುತ್ತಾರೆ. ಹಾಗಾಗಿ ಬೀದಿಯಲ್ಲಿ ಉಣ್ಣುವುದನ್ನು ಕಂಡರೆ ಆಗದ ಜನ ನಾವಲ್ಲ. ಅಪ್ಪನ ಪಕ್ಕದವರಿಗೂ ಅಪ್ಪನಿಗೂ ಅಲ್ಲಿ ಒಂದೇ ಮೇಜು, ಒಂದೇ ಟೋಕನು. ಕೆಫೆಯ ಮೇಜಿನ ಮುಂದೆ ಸೆಂಟ್ರಿಂಗ್ ಕೂಲಿಯವನು ಬಂದು ನಿಂತರೆ ಏನಾಗುತ್ತದೆ? ಅಲ್ಲಿ ಜಾತಿ ಕೇಳುವುದಿಲ್ಲ ನಿಜ. ಮೆನು ಕಾರ್ಡು ಕೊಡುತ್ತಾರೆ. ಅದರ ಬಲಗಡೆಯ ಸಾಲು ಎಲ್ಲವನ್ನೂ ಕೇಳಿಬಿಡುತ್ತದೆ.

ಸಂಘದ ಮನವಿ ಹೋಯಿತು. ಒಂದು ಸೋಮವಾರ ಕಚೇರಿಯ ಲಾರಿ ಬಂತು. ಅದು ಬರುವ ಒಂದು ಗಂಟೆ ಮುಂಚೆ ಕೆಫೆಯ ಹುಡುಗರು ಮೇಜು ಕುರ್ಚಿಗಳನ್ನೆಲ್ಲ ಒಳಗೆ ಎಳೆದುಕೊಂಡರು. ಲಾರಿ ಬರುವುದು ಅವರಿಗೆ ಹೇಗೆ ತಿಳಿಯಿತೋ, ಗಾಳಿಯಲ್ಲಿದ್ದ ಮಾತಿಗೇ ಗೊತ್ತು. ಚಿಕ್ಕವ್ವನಿಗೆ ಯಾರೂ ಹೇಳಲಿಲ್ಲ. ಗಾಡಿ, ಗ್ಯಾಸ್ ಒಲೆ, ಎರಡು ಅಂಡೆ, ಸಾರಿನ ಸಮೇತ ಬೋಟಿ ಪಾತ್ರೆ ಲಾರಿ ಹತ್ತಿದವು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಸಮೀಕ್ಷೆಯ ಗುರುತಿನ ಚೀಟಿಯನ್ನು ಬಿಚ್ಚಿ ತೋರಿಸಿದಳು. 'ಇದು ಇಲ್ಲಿ ನಡೆಯಲ್ಲಮ್ಮ' ಅಂದರು. ಪಟ್ಟಿ ಕೊಡಲಿಲ್ಲ. ನೋಟೀಸು ಇರಲಿಲ್ಲ. ಸಂಜೆಯ ಹೊತ್ತಿಗೆ ಮೇಜುಗಳು ಮತ್ತೆ ಫುಟ್‌ಪಾತಿಗೆ ಬಂದವು.

ಕಾಯ್ದೆಯ ಪ್ರತಿ ಹಿಡಿದುಕೊಂಡು ಕಚೇರಿಗೆ ಅಲೆದೆವು. ಎರಡು ದಿನದಲ್ಲಿ ಕೊಡಬೇಕಾದ ಗಾಡಿ ಹನ್ನೊಂದನೆಯ ದಿನ ಸಿಕ್ಕಿತು. ಒಂದು ಚಕ್ರ ಸೊಟ್ಟಗಾಗಿತ್ತು. ಗುಮಾಸ್ತರೊಬ್ಬರು ಕಾಯ್ದೆಯ ಪುಟಗಳನ್ನು ತಿರುವಿ ಹಾಕಿ, 'ನೀವೆಲ್ಲ ಎಷ್ಟು ಓದಿದ್ದೀರಿ?' ಅಂತ ಕೇಳಿದರು. ಹೊಗಳಿಕೆ ಅಲ್ಲ ಅದು. ಓದಬಾರದಿತ್ತು ಅನ್ನುವ ದನಿ.

ಹನ್ನೊಂದು ದಿನ ಸೆಕ್ಯುರಿಟಿ ಗಾರ್ಡುಗಳು ಬ್ರೆಡ್ಡು ತಿಂದರು. ಹನ್ನೊಂದು ದಿನದ ಬಡ್ಡಿ ಚಿಕ್ಕವ್ವನ ತಲೆಯ ಮೇಲೆ ಬಿತ್ತು. ಈಗ ಅವಳು ಮೂಲೆ ಬಿಟ್ಟು ದೊಡ್ಡ ಮೋರಿಯ ಪಕ್ಕ ನಿಲ್ಲುತ್ತಾಳೆ. ಬೆಳಕಿಲ್ಲ. ಬರುವವರು ಅರ್ಧಕ್ಕರ್ಧ. ಎದುರು ಮನೆಯ ಮುದುಕರಿಗೆ ನಿದ್ದೆಯೂ ಬಂದಿಲ್ಲ. ಸದ್ದು ಇದ್ದ ಹಾಗೇ ಇದೆ. ಒಂದೇ ಮನವಿಯಲ್ಲಿ ಮೇಜನ್ನೂ ಗಾಡಿಯನ್ನೂ ಕಟ್ಟಿದವರಿಗೆ ಇದು ತಿಳಿಯಲಿ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ನೇಣು ಬೀಳುವುದು ಬಡವನ ಕೊರಳಿಗೇ. ಉಳ್ಳವನು ಗಂಟು ಬಿಚ್ಚಿಕೊಳ್ಳುವುದು ಕಲಿತಿರುತ್ತಾನೆ.

ಆಮೇಲೆ ನಮ್ಮ ಅರ್ಜಿ ಬರೆದೆವು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಾಗಿವೆ. ಬೋರ್ಡು ಬದಲಾಗಿದೆ. ಬೋರ್ಡಿನ ಜೊತೆ ರೂಢಿಯೂ ಬದಲಾಗಲಿ ಅಂತ ಇಷ್ಟು ಕೇಳಿದ್ದೇವೆ.

ಮನೆಗಳ ಹತ್ತಿರ ಫುಟ್‌ಪಾತಿನಲ್ಲಿ ಮೇಜು ಹಾಕಲು ಯಾರಾದರೂ ಅಪ್ಪಣೆ ಕೇಳಿದರೆ, ಜಾಗದ ಅಳತೆ, ಮೇಜಿನ ಲೆಕ್ಕ, ಮುಚ್ಚುವ ಹೊತ್ತು ಎಲ್ಲವನ್ನೂ ಕನ್ನಡದಲ್ಲಿ ಬರೆದು ಅದೇ ಜಾಗದಲ್ಲಿ ಅಂಟಿಸಬೇಕು. ಬಾಡಿಗೆದಾರರ, ದಾರಿಹೋಕರ, ಬೀದಿ ವ್ಯಾಪಾರಿಗಳ, ಪೌರಕಾರ್ಮಿಕರ ತಕರಾರಿಗೂ ಮಾಲೀಕರ ತಕರಾರಿನಷ್ಟೇ ತೂಕ ಇರಬೇಕು. ಮೊದಲು 1.8 ಮೀಟರ್ ನಡೆಯುವ ದಾರಿ, ಆಮೇಲೆ ಕಾಯ್ದೆಯ ಪ್ರಕಾರ ಗಾಡಿಗಳ ಜಾಗ, ಉಳಿದರೆ ಮೇಜು. ಉಳಿಯದಿದ್ದರೆ ಮೇಜು ಬೇಡ. ರಾತ್ರಿ ಹತ್ತಕ್ಕೆ ಹೊರಗಿನ ಕುರ್ಚಿ ಒಳಗೆ ಹೋಗಬೇಕು. ಹೊರಗೆ ಬಿದ್ದ ಕಸವನ್ನು ಹೋಟೆಲಿನವರೇ ಆ ರಾತ್ರಿಯೇ ಗುಡಿಸಬೇಕು. ಅಪ್ಪಣೆ ಇಲ್ಲದ ಮೇಜನ್ನೂ ಲಾರಿಗೆ ಹತ್ತಿಸಬೇಕು, ಒಂದು ಗಂಟೆ ಮುಂಚೆ ಹೇಳದೆ. ಪರವಾನಗಿಯ ಜೊತೆ 15ನೇ ವಿಧಿಯ ಆ ಎರಡು ಸಾಲನ್ನು ಹೊರಗಿನ ಗೋಡೆಯ ಮೇಲೆ ಬರೆಸಬೇಕು.

ಕೊನೆಯದನ್ನು ಓದಿ ಸಂಘದ ಹಿರಿಯರೊಬ್ಬರು ನಕ್ಕರು. ಆದರೂ ಅವರ ಮನೆಯ ಕೆಳಗಿನ ಬಾಡಿಗೆಯ ಟೀಚರು ಸಹಿ ಹಾಕಿದರು. ಎದುರು ಮನೆಯ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಗುಡಿಸುವ ಅಕ್ಕ ತನ್ನ ಗುಂಪಿನ ಏಳು ಜನರನ್ನು ಕರೆತಂದಳು. ಕೆಫೆಯಲ್ಲಿ ತಟ್ಟೆ ತೊಳೆಯುವ ಒಬ್ಬ ಹುಡುಗನೂ ಸಹಿ ಹಾಕಿದ. ಒಟ್ಟು 63 ಸಹಿ. ಉತ್ತರ ಇನ್ನೂ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ ಸ್ವೀಕೃತಿ ಸಂಖ್ಯೆ ತೋರಿಸಿ ಕೇಳಿ ಬರುತ್ತಿದ್ದೇವೆ.

ಅರ್ಜಿಯ ನಕಲು ನಮ್ಮ ಹತ್ತಿರ ಇದೆ. ನಿಮ್ಮ ಊರಲ್ಲೂ ಇಂಥ ಮೂಲೆ, ಇಂಥ ಮೇಜು, ಇಂಥ ಗಾಡಿ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಬೀದಿಯ ಹೆಸರು ಬದಲಿಸಿ ಬಳಸಿಕೊಳ್ಳಬಹುದು.